ಮನೆಗೆ ಬಂದ ವಿದ್ಯುನ್ಮಾನ ಕತ್ತರಿ

ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ನೆಲೆಸಿದ ಕನ್ನಡ ಕುಟುಂಬವೊಂದು ತನ್ನ ಬಾಗಿಲಿನ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸಬೇಕೆಂದು ಬಯಸಿದರೆ ಎದುರಾಗುವ ತೊಡಕು ಸಣ್ಣದಲ್ಲ. ಸಿದ್ಧ ಅಕ್ಷರಗಳು ಅಂಗಡಿಗಳಲ್ಲಿ ಇಂಗ್ಲಿಷಿನಲ್ಲಿ, ದೇವನಾಗರಿಯಲ್ಲಿ ದೊರೆಯುತ್ತವೆ; ಕನ್ನಡದವು ಕಣ್ಣಿಗೆ ಬೀಳುವುದು ಅಪರೂಪ. ಬರೆಯಿಸಲು ಹೋದರೆ ಒತ್ತಕ್ಷರ ಎಲ್ಲಿ ಕೂಡಬೇಕೆಂಬುದು ಬರೆಯುವವನಿಗೆ ತಿಳಿಯದು. ಹಬ್ಬದ ದಿನಗಳಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೊಕೋಲ್ ಅಲಂಕಾರಗಳನ್ನು ನಿಷೇಧಿಸಿದ ತರುವಾಯ ಗಣಪತಿಯ ಮಂಟಪಕ್ಕೆ ಕಾಗದ, ರಟ್ಟುಗಳ ಕೆಲಸವನ್ನೇ ಆಶ್ರಯಿಸುವ ಮನೆಗಳು ಹೆಚ್ಚಿವೆ. ಮೇಜಿನ ಮೇಲೆ ಕುಳಿತು ಕಾಗದವನ್ನೂ ವಿನೈಲನ್ನೂ ತಾನಾಗಿ ಕತ್ತರಿಸುವ ಚಿಕ್ಕ ಯಂತ್ರವು ಹಲವು ಮನೆಗಳ ಗಮನ ಸೆಳೆದಿರುವುದು ಇಂಥ ಸಂದರ್ಭದಲ್ಲಿ.

ಅಮೆರಿಕದ ಯೂಟಾ ಪ್ರಾಂತ್ಯದ ಕ್ರಿಕಟ್, ಜಪಾನಿನ ಬ್ರದರ್ ಸಂಸ್ಥೆಯ ಸ್ಕ್ಯಾನ್‌ಎನ್‌ಕಟ್, ಸಿಲೂಯೆಟ್ ಕ್ಯಾಮಿಯೊ ಇವು ಈ ವರ್ಗದಲ್ಲಿ ಹೆಸರಾದವು. (ಮೊದಲನೆಯದರ ಉಚ್ಚಾರ ಕ್ರಿಕೆಟ್ ಎಂದೇ ಆದರೂ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ.) ಹೆಸರು ಹೊಸದಾದರೂ ತತ್ತ್ವ ಹಳೆಯದು. ವಾಹನಗಳ ಸಂಖ್ಯಾಫಲಕಕ್ಕೆ ಅಕ್ಷರ ಅಂಟಿಸಿಕೊಡುವ ‘ರೇಡಿಯಂ’ ಅಂಗಡಿಯ ಯಂತ್ರದ ಕಿರಿಯ ತಮ್ಮನೇ ಇದು. ಆ ಹೊಳೆಯುವ ಹಾಳೆಯಲ್ಲಿ ರೇಡಿಯಂ ಧಾತು ಲವಲೇಶವೂ ಇಲ್ಲವೆಂಬುದನ್ನು ಆರೋಗ್ಯದ ಲೇಖನಗಳಿರುವ ಈ ಸಂಚಿಕೆಯಲ್ಲಿ ಹೇಳಿಬಿಡುವುದು ಒಳ್ಳೆಯದು. ಅದು ಬರಿಯ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್.

ಯಂತ್ರದ ಕಾರ್ಯವಿಧಾನ ಸರಳ. ಒಂದು ಬದಿಗೆ ಅಂಟುಳ್ಳ ಮ್ಯಾಟಿನ ಮೇಲೆ ಕಾಗದವನ್ನು ಹರಡಿ ಒಳಗೆ ಕೊಡಬೇಕು. ಉರುಳೆಗಳು ಮ್ಯಾಟನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತವೆ. ಅಲಗನ್ನು ಹೊತ್ತ ಭಾಗ ಎಡಕ್ಕೂ ಬಲಕ್ಕೂ ಓಡುತ್ತದೆ. ಈ ಎರಡು ಚಲನೆಗಳ ಸಂಯೋಗದಿಂದಲೇ ಎಲ್ಲ ವಕ್ರರೇಖೆಗಳೂ ಮೂಡುತ್ತವೆ. ಸಾಮಾನ್ಯ ಅಲಗು ಕುರ್ಚಿಯ ಅಡಿಯ ಗಾಲಿಯಂತೆ ತನ್ನ ಅಚ್ಚಿನ ಸುತ್ತ ಸ್ವತಂತ್ರವಾಗಿ ತಿರುಗುತ್ತದೆ. ಅದರ ಮೊನೆ ಅಚ್ಚಿನಿಂದ ಕೂದಲೆಳೆಯಷ್ಟು ಸರಿದಿರುವುದರಿಂದ ಎಳೆದ ದಿಕ್ಕಿಗೆ ತಾನೇ ಹೊರಳಿಕೊಳ್ಳುತ್ತದೆ. ಆದುದರಿಂದಲೇ ಬೆರಳುಗುರಿನಷ್ಟು ಚಿಕ್ಕ ಅಕ್ಷರದಲ್ಲಿ, ತೀವ್ರ ತಿರುವು ಬಂದಲ್ಲೆಲ್ಲ, ಕಾಗದ ಹರಿಯುವ ಸಂಭವ ಹೆಚ್ಚು. ಮಳೆಗಾಲದಲ್ಲಿ, ಸಮುದ್ರತೀರದ ನಗರಗಳಲ್ಲಂತೂ, ತೇವ ಹೀರಿದ ಕಾಗದ ಇನ್ನೂ ಬೇಗ ಹರಿಯುತ್ತದೆ.

ಕನ್ನಡ ಲಿಪಿಯ ತೊಡಕು

ಇಂಗ್ಲಿಷಿನವರಿಗೆ ಹೆಸರನ್ನು ಬೆರಳಚ್ಚಿಸಿ ಗುಂಡಿ ಒತ್ತಿದರೆ ಬಹುಮಟ್ಟಿಗೆ ಕೆಲಸವಾಯಿತು. ಕನ್ನಡದವರಿಗೆ ನಿಜವಾದ ಕೆಲಸ ಅಲ್ಲಿಂದ ಆರಂಭ. ಯಂತ್ರವು ಅಕ್ಷರವನ್ನು ಓದುವುದಿಲ್ಲ, ಅಕ್ಷರದ ಅಂಚನ್ನು ಮಾತ್ರ ಅನುಸರಿಸುತ್ತದೆ. ‘ಶ್ರೀ’ ಎಂಬಲ್ಲಿ ಶಕಾರವೂ ರಕಾರದ ಒತ್ತೂ ಒಂದರ ಮೇಲೊಂದು ಹಾಯ್ದಿದ್ದರೆ ಯಂತ್ರ ಎರಡರ ಅಂಚನ್ನೂ ಪೂರ್ತಿಯಾಗಿ ಕೊಯ್ಯುತ್ತದೆ. ಕಣ್ಣಿಗೆ ಒಂದಾಗಿ ಕಂಡ ಅಕ್ಷರ ಕೈಗೆ ಮೂರು ಚೂರಾಗಿ ಬರುತ್ತದೆ. ಅಕ್ಷರಗಳನ್ನು ಚಿಕ್ಕ ತುಂಡುಗಳಿಂದ ಜೋಡಿಸುತ್ತಿದ್ದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಈ ತೊಂದರೆ ಅತಿಶಯ. ಕೆಲವು ತಂತ್ರಾಂಶಗಳಿಗೆ ಭಾರತೀಯ ಲಿಪಿಗಳ ಜೋಡಣೆಯೇ ತಿಳಿಯದು; ಅವುಗಳಲ್ಲಿ ಸಂಯುಕ್ತಾಕ್ಷರ ಒಡೆದು ‘ಕ್’ ಮತ್ತು ‘ಷ’ ಬೇರೆಬೇರೆಯಾಗಿ ನಿಲ್ಲುತ್ತವೆ.

ಇದಕ್ಕೆ ಪರಿಹಾರವುಂಟು, ಖರ್ಚೂ ಇಲ್ಲ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟ್ ಬಳಸಿ ಹೆಸರನ್ನು ಬರೆಯಬೇಕು. ಬಳಿಕ ಅಕ್ಷರಗಳನ್ನು ರೇಖಾರೂಪಕ್ಕೆ ಬದಲಿಸಿ, ಒಂದರ ಮೇಲೊಂದು ಹಾಯ್ದ ಭಾಗಗಳನ್ನೆಲ್ಲ ‘ಯೂನಿಯನ್’ ಎಂಬ ಆದೇಶದಿಂದ ಬೆಸೆಯಬೇಕು. ಹೀಗೆ ಸಿದ್ಧವಾದ ಚಿತ್ರವನ್ನು ಎಸ್.ವಿ.ಜಿ. ಕಡತವಾಗಿ ಉಳಿಸಿ ಯಂತ್ರಕ್ಕೆ ಒಪ್ಪಿಸಿದರೆ ಅಕ್ಷರ ಅಖಂಡವಾಗಿ ಬರುತ್ತದೆ. ಬಲೂ ತಮ್ಮ ಎಂಬ ದಪ್ಪನೆಯ ಉಚಿತ ಫಾಂಟ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಎಳೆ ತೆಳುವಾದ ಅಲಂಕಾರದ ಅಕ್ಷರಗಳು ಲಗ್ನಪತ್ರಿಕೆಯ ಮುದ್ರಣದಲ್ಲಿ ಶೋಭಿಸುತ್ತವೆ. ಅಲಗಿನ ಬಾಯಿಗೆ ಅವು ತಾಳುವುದಿಲ್ಲ.

ಬೆಸೆದರೂ ಉಳಿಯುವ ಇನ್ನೊಂದು ಸಮಸ್ಯೆಯಿದೆ. ‘ಅಮ್ಮ’ ಎಂಬಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರವನ್ನು ಮುಟ್ಟುವುದೇ ಇಲ್ಲ. ಅನುಸ್ವಾರದ ಸೊನ್ನೆಯೂ ಹಾಗೆಯೇ ಒಂಟಿ. ವಿನೈಲಿನಲ್ಲಿ ಇದರಿಂದ ಬಾಧಕವಿಲ್ಲ, ಏಕೆಂದರೆ ಮೇಲೆ ಹಾಕಿ ಎತ್ತುವ ಅಂಟುಪಟ್ಟಿ ಎಲ್ಲವನ್ನೂ ಇದ್ದ ಸ್ಥಾನದಲ್ಲೇ ಗೋಡೆಗೆ ಕೊಂಡೊಯ್ಯುತ್ತದೆ. ಆದರೆ ರಟ್ಟಿನಲ್ಲಿ ಕತ್ತರಿಸಿ ದಾರದಲ್ಲಿ ತೂಗುಹಾಕುವ ಹೆಸರಾದರೆ ಒತ್ತು ಕೆಳಗೆ ಬಿದ್ದುಹೋಗುತ್ತದೆ. ಅದಕ್ಕೊಂದು ಸಣ್ಣ ಸೇತುವೆ ಎಳೆಯಲೇಬೇಕು. ರಂಗೋಲಿಯ ಅಚ್ಚು ಕತ್ತರಿಸುವಾಗ ತೊಡಕು ತಿರುಗುಮುರುಗಾಗುತ್ತದೆ. ಅಲ್ಲಿ ಉದುರಿಹೋಗುವುದು ಸೊನ್ನೆಯ ಒಡಲು. ಮಥುರೆಯ ಸಾಂಝೀ ಕಲಾವಿದರು ಇಂಥ ಸೇತುವೆಗಳನ್ನು ಕೈಕತ್ತರಿಯಿಂದಲೇ ಉಳಿಸಿಕೊಂಡು ಬಂದಿದ್ದಾರೆ. ಯಂತ್ರಕ್ಕೆ ಆ ವಿವೇಕವಿಲ್ಲ, ನಕ್ಷೆ ಬರೆಯುವವರೇ ಅದನ್ನು ಒದಗಿಸಬೇಕು.

ಕತ್ತರಿಸಿದ ಮೇಲೆ ಅಕ್ಷರದ ಸುತ್ತಲಿನ, ಒಳಗಿನ ಬೇಡದ ವಿನೈಲನ್ನು ಕೊಕ್ಕೆಯಿಂದ ಎತ್ತಿ ತೆಗೆಯಬೇಕು. ಇದಕ್ಕೆ ಬಳಕೆದಾರರು ‘ವೀಡಿಂಗ್’ ಎನ್ನುತ್ತಾರೆ. ಹೊಲದಲ್ಲಿ ಕಳೆ ಕೀಳುವುದೆಂದೇ ಅರ್ಥ. ಯಂತ್ರ ಕೆಲವೇ ನಿಮಿಷಗಳಲ್ಲಿ ಮುಗಿಸಿದ ಕೆಲಸದ ಕಳೆ ಕೀಳಲು ಅದರ ಹಲವು ಪಟ್ಟು ಕಾಲ ಹಿಡಿಯುತ್ತದೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಕಾಗದದ ಕೆಲಸದಲ್ಲಿ ಕಾಗದವನ್ನು ಮ್ಯಾಟಿನಿಂದ ಕೀಳಬಾರದು. ಮ್ಯಾಟನ್ನೇ ಬೋರಲು ಹಾಕಿ, ಅದನ್ನು ಬಗ್ಗಿಸಿ ಕಾಗದದಿಂದ ಬಿಡಿಸಿದರೆ ಹಾಳೆ ಸುರುಳಿಯಾಗುವುದಿಲ್ಲ. ಅಂಗಿಗೆ ಇಸ್ತ್ರಿಯಿಂದ ಒತ್ತುವ ವಿನೈಲಾದರೆ ಅಕ್ಷರಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿಯೇ ಕತ್ತರಿಸಬೇಕು. ಯಾವ ಹೊಸ ವಸ್ತುವಾದರೂ ಮೊದಲು ಒಂದು ಮೂಲೆಯಲ್ಲಿ ಚಿಕ್ಕ ಚೌಕವನ್ನು ಕೊಯ್ದು ನೋಡುವುದು ಕ್ಷೇಮ.

ಆರೋಗ್ಯದ ದೃಷ್ಟಿಯಿಂದ

ಅಲಗಿನಿಂದ ಕೊಯ್ಯುವಾಗ ವಿನೈಲಿನಿಂದ ಹೊಗೆ ಏಳುವುದಿಲ್ಲ. ಈ ಕಾರಣದಿಂದ ಅಲಗಿನ ಯಂತ್ರ ಮನೆಗೆ ನಿರಪಾಯ. ಆದರೆ ಈಗ ಲೇಸರ್ ಕಿರಣದಿಂದ ಕತ್ತರಿಸುವ ಚಿಕ್ಕ ಯಂತ್ರಗಳೂ ಮನೆಬಳಕೆಗೆಂದು ಮಾರಾಟಕ್ಕಿವೆ. ಎರಡನ್ನೂ ಒಂದೇ ಎಂದೆಣಿಸುವುದು ಅಪಾಯಕರ. ಪಿ.ವಿ.ಸಿ. ವಿನೈಲನ್ನು ಲೇಸರಿನಿಂದ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅದು ತೇವದೊಡನೆ ಸೇರಿ ಆಮ್ಲವಾಗಿ ಕಣ್ಣನ್ನೂ ಶ್ವಾಸನಾಳವನ್ನೂ ಕೆರಳಿಸುತ್ತದೆ, ಯಂತ್ರದ ಲೋಹವನ್ನೂ ತಿನ್ನುತ್ತದೆ. ವಿನೈಲಿನ ಚೂರುಗಳನ್ನು ಕಸದೊಡನೆ ಸುಡಬಾರದೆಂಬುದಕ್ಕೂ ಇದೇ ಕಾರಣ.

ಮಕ್ಕಳ ಲೋಟದ ಮೇಲೆ ಹೆಸರು ಅಂಟಿಸುವ ಉತ್ಸಾಹ ಸಹಜವೇ. ಅಂಟಿಸುವುದಾದರೆ ಹೊರಮೈಯಲ್ಲಿ, ತುಟಿ ತಾಗುವ ಅಂಚಿನಿಂದ ದೂರದಲ್ಲಿರಲಿ. ತಟ್ಟೆಯ ಒಳಗೆ, ಆಹಾರ ತಾಗುವೆಡೆಯಲ್ಲಿ, ಸರ್ವಥಾ ಕೂಡದು. ಸಾಮಾನ್ಯ ವಿನೈಲೂ ಅದರ ಅಂಟೂ ಆಹಾರದ ಸಂಪರ್ಕಕ್ಕಾಗಿ ತಯಾರಾದವಲ್ಲ. ಸವೆದ ಅಲಗನ್ನು ಬರಿದೇ ಕಸದ ಬುಟ್ಟಿಗೆ ಎಸೆದರೆ ಮರುದಿನ ಕಸ ಒಯ್ಯುವವರ ಕೈ ಕೊಯ್ದೀತು. ಮುಚ್ಚಳವುಳ್ಳ ಡಬ್ಬಿಯಲ್ಲಿ ಕೂಡಿಟ್ಟು ಅಂಟುಪಟ್ಟಿ ಸುತ್ತಿ ಕೊಡುವುದು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ. ಕಳೆ ಕೀಳುವಾಗ ಕತ್ತು ಬಗ್ಗಿಸಿ ಗಂಟೆಗಟ್ಟಲೆ ಕೂರದೆ, ಒಳ್ಳೆಯ ಬೆಳಕಿನಲ್ಲಿ ಹಲಗೆಯನ್ನು ಕಣ್ಣಿನತ್ತ ಎತ್ತರಿಸಿಕೊಳ್ಳಬೇಕು. ನಲವತ್ತು ದಾಟಿದವರಿಗೆ ಕನ್ನಡಕದ ಅಗತ್ಯ ಮೊದಲು ಅರಿವಾಗುವುದು ಇಂಥ ಕೆಲಸದಲ್ಲೇ.

ಲೆಕ್ಕ

ಈ ಯಂತ್ರವನ್ನು ಕೊಳ್ಳುವವರಲ್ಲಿ ಕೆಲವರು ಹವ್ಯಾಸಕ್ಕೆಂದೂ ಕೆಲವರು ಮನೆಯಿಂದಲೇ ಸಂಪಾದನೆಯಾಗಲೆಂದೂ ಕೊಳ್ಳುತ್ತಾರೆ. ಹವ್ಯಾಸಕ್ಕೆ ಲೆಕ್ಕ ಬೇಡ. ಸಂಪಾದನೆಗಾದರೆ ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದು ನೋಡಬೇಕು. ಉದಾಹರಣೆಗೆ ಯಂತ್ರಕ್ಕೆ 30,000 ರೂಪಾಯಿ, ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ಸವೆತ ತಿಂಗಳಿಗೆ 500 ರೂಪಾಯಿ. ಮ್ಯಾಟು, ಅಲಗುಗಳಿಗೆ 300 ರೂಪಾಯಿ ಸೇರಿಸಿದರೆ ಒಟ್ಟು 800. ಹೆಸರುಫಲಕವೊಂದನ್ನು 150 ರೂಪಾಯಿಗೆ ಮಾರಿ, ಸಾಮಗ್ರಿಗೆ 30 ರೂಪಾಯಿ ಕಳೆದರೆ ಉಳಿಯುವುದು 120. ಅಂದರೆ ತಿಂಗಳಿಗೆ 7 ಫಲಕ ಮಾರಾಟವಾದ ಮೇಲಷ್ಟೇ ಲಾಭದ ಮುಖ ಕಾಣುವುದು. 20 ಫಲಕ ಮಾರಿದರೆ ಉಳಿತಾಯ 1,600 ರೂಪಾಯಿ. ಒಂದೊಂದಕ್ಕೆ ಒಂದು ಗಂಟೆ ಹಿಡಿದರೆ ಗಂಟೆಗೆ 80 ರೂಪಾಯಿಯ ಕೂಲಿ. ಇದು ಸಾಕೋ ಸಾಲದೋ ಎಂಬುದನ್ನು ಆ ಗಂಟೆಯನ್ನು ವ್ಯಯಿಸುವ ಗೃಹಿಣಿಯೇ ತೀರ್ಮಾನಿಸಬೇಕು. ಮನೆಯ ಉಳಿದವರು ಆಕೆಯ ಕಾಲಕ್ಕೆ ಬೆಲೆಯೇ ಇಲ್ಲವೆಂಬಂತೆ ಲೆಕ್ಕ ಹಾಕುವುದು ವಾಡಿಕೆ.

ಬಂಡವಾಳ ಸಾಲದವರಿಗೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಆಧಾರವಿಲ್ಲದ ಸಾಲ ದೊರೆಯಲು ಅವಕಾಶವಿದೆ. ಆದರೆ ಮೇಲಿನ ಲೆಕ್ಕದಲ್ಲಿ ಬಡ್ಡಿ ಸೇರಿಲ್ಲವೆಂಬುದು ನೆನಪಿರಲಿ. ಪ್ರಸಿದ್ಧ ವ್ಯಂಗ್ಯಚಿತ್ರ ಪಾತ್ರಗಳನ್ನು ಅನುಮತಿಯಿಲ್ಲದೆ ಕತ್ತರಿಸಿ ಮಾರುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧವಾದೀತೆಂಬುದೂ ವ್ಯಾಪಾರಕ್ಕಿಳಿಯುವವರಿಗೆ ತಿಳಿದಿರಬೇಕು.

ಲೆಕ್ಕಪುಸ್ತಕದಲ್ಲಿ ಕಾಣದ ಬಾಬತ್ತೊಂದಿದೆ. 2021ರ ಮಾರ್ಚ್ ತಿಂಗಳಲ್ಲಿ ಕ್ರಿಕಟ್ ಸಂಸ್ಥೆಯು, ಚಂದಾ ಕೊಡದ ಬಳಕೆದಾರರು ತಮ್ಮ ಸ್ವಂತ ಚಿತ್ರಗಳನ್ನು ತಿಂಗಳಿಗೆ 20ಕ್ಕಿಂತ ಹೆಚ್ಚು ಏರಿಸುವಂತಿಲ್ಲವೆಂದು ಪ್ರಕಟಿಸಿತು. ಪೂರ್ಣ ಹಣ ತೆತ್ತು ಕೊಂಡ ಯಂತ್ರಕ್ಕೆ ಮತ್ತೆ ಬಾಡಿಗೆಯೇ ಎಂದು ಬಳಕೆದಾರರು ಸಿಟ್ಟಿಗೆದ್ದರು. ಸಂಸ್ಥೆ ಅದೇ ತಿಂಗಳು ಆ ನಿರ್ಧಾರವನ್ನು ಕೈಬಿಟ್ಟಿತು. ಸಿದ್ಧ ಚಿತ್ರಗಳ ಭಂಡಾರವನ್ನು ನೆಚ್ಚಿದವರಿಗೆ ಈ ಮಿತಿ ಅಷ್ಟಾಗಿ ತಟ್ಟುತ್ತಿರಲಿಲ್ಲ. ಪ್ರತಿಯೊಂದು ಹೆಸರನ್ನೂ ತಾವೇ ಬೆಸೆದು ಏರಿಸಬೇಕಾದ ಕನ್ನಡದವರಿಗೆ ಅದು ನೇರವಾಗಿ ತಟ್ಟುವಂಥದಾಗಿತ್ತು. ಆದ್ದರಿಂದ ಕೊಳ್ಳುವ ಮುನ್ನ, ಯಂತ್ರದ ತಂತ್ರಾಂಶವು ಅಂತರಜಾಲವಿಲ್ಲದೆ ನಡೆಯುವುದೇ, ಎಸ್.ವಿ.ಜಿ. ಕಡತವನ್ನು ಚಂದಾ ಇಲ್ಲದೆ ಸ್ವೀಕರಿಸುವುದೇ ಎಂದು ಅಂಗಡಿಯಲ್ಲೇ ಕೇಳಿ ನೋಡಬೇಕು.

ಅದಕ್ಕಿಂತ ಮೊದಲು ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಮನೆಯ ಹೆಸರನ್ನು ಇಂಕ್‌ಸ್ಕೇಪಿನಲ್ಲಿ ಬೆಸೆದು, ಕಡತವನ್ನು ಹತ್ತಿರದ ರೇಡಿಯಂ ಅಂಗಡಿಗೆ ಒಯ್ದು ಒಂದೇ ಒಂದು ಫಲಕ ಕತ್ತರಿಸಿಕೊಂಡು ತರಬಹುದು. ಒತ್ತು, ಸೊನ್ನೆ, ತಲಕಟ್ಟುಗಳು ಸರಿಯಾಗಿ ಬಂದವೇ ಎಂಬುದು ಆಗಲೇ ತಿಳಿಯುತ್ತದೆ, ಕಳೆ ಕೀಳುವ ತಾಳ್ಮೆ ಕೈಗಿದೆಯೇ ಎಂಬುದೂ ತಿಳಿಯುತ್ತದೆ. ಮುಂದೆ ಯಂತ್ರ ಕೊಂಡರೂ ಅದೇ ಕಡತವನ್ನು ಬಳಸಬಹುದು. ವರ್ಷಕ್ಕೆ ನಾಲ್ಕೇ ಫಲಕ ಬೇಕಾಗುವ ಮನೆಗೆ ಆ ಅಂಗಡಿಯೇ ಸಾಕು.