ಆರಿಸಿದ್ದೋ, ಸಿಕ್ಕಿದ್ದೋ?

ಎಂ.ಬಿ.ಬಿ.ಎಸ್. ಮುಗಿಸಿ ಮುಂದಿನ ಓದಿಗೆ ಸೇರಿದ ತರುಣ ತರುಣಿಯರನ್ನು, ‘ಯಾವ ಶಾಖೆಯನ್ನು ಆರಿಸಿಕೊಂಡಿರಿ?’ ಎಂದು ಕೇಳಿ ನೋಡಿ. ‘ನನಗೆ ಪೀಡಿಯಾಟ್ರಿಕ್ಸ್ ಸಿಕ್ಕಿತು’ ಎಂಬಂಥ ಉತ್ತರ ಬರುತ್ತದೆ. ‘ಆರಿಸಿಕೊಂಡೆ’ ಎನ್ನುವವರು ವಿರಳ. ಬಾಳೆಲ್ಲ ವ್ಯಾಕರಣ ಹೇಳಿಕೊಟ್ಟವನ ಕಿವಿ ಇಂಥದನ್ನು ಗಮನಿಸದೆ ಇರಲಾರದು. ಚತುರ್ಥಿ ವಿಭಕ್ತಿಯಲ್ಲಿ ನಿಂತ ಆ ‘ನನಗೆ’ ಕರ್ತೃಪದವಲ್ಲ. ಬಂದುದನ್ನು ಕೈಯೊಡ್ಡಿ ಪಡೆಯುವವನ ಪದ.

ವ್ಯವಸ್ಥೆಯೂ ಹಾಗೆಯೇ ಇದೆ. ನಾಲ್ಕೂವರೆ ವರ್ಷದ ವ್ಯಾಸಂಗ, ಒಂದು ವರ್ಷದ ಇಂಟರ್ನ್‌ಶಿಪ್, ಅನಂತರ ನೀಟ್-ಪಿ.ಜಿ. ಎಂಬ ಪರೀಕ್ಷೆ. ಮೂರೂವರೆ ಗಂಟೆ, 200 ಪ್ರಶ್ನೆ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಬೇಕು. ಬಂದ ರ‍್ಯಾಂಕಿನ ಸರದಿಯಂತೆ ಸೀಟು ಹಂಚಿಕೆ. ಕೈ ನಡುಗದೆ ಹೊಲಿಗೆ ಹಾಕಬಲ್ಲವನೋ, ಅಳುವ ಮಗುವನ್ನು ಸಂತೈಸಬಲ್ಲವಳೋ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಅದು ತಿಳಿಯಬೇಕಾದದ್ದು ಇಂಟರ್ನ್‌ಶಿಪ್ಪಿನಲ್ಲಿ. ಹೆರಿಗೆ ಕೋಣೆ, ಶಸ್ತ್ರಚಿಕಿತ್ಸೆಯ ವಾರ್ಡು, ಹಳ್ಳಿಯ ಆರೋಗ್ಯ ಕೇಂದ್ರ ಇವನ್ನೆಲ್ಲ ಸುತ್ತಿ, ತನ್ನ ಒಲವು ಎಲ್ಲಿದೆಯೆಂದು ಕಂಡುಕೊಳ್ಳುವ ವರ್ಷ ಅದು. ಆ ವರ್ಷವೇ ಬಹುಮಟ್ಟಿಗೆ ಪರೀಕ್ಷೆಯ ಸಿದ್ಧತೆಗೆ ಆಹುತಿಯಾಗುತ್ತದೆ!

ಮೇಲಿನ ರ‍್ಯಾಂಕಿನವರ ಕಣ್ಣು ಮೊದಲು ಹೋಗುವುದು ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಇಂಥವುಗಳ ಕಡೆಗೆ. ಚರ್ಮವೈದ್ಯರನ್ನು ನಡುರಾತ್ರಿ ಎಬ್ಬಿಸುವವರು ಕಡಿಮೆ. ಮೆಡಿಸಿನ್ ಓದಿದವರಿಗೆ ಹೃದ್ರೋಗ ತಜ್ಞರಾಗುವ ಹಾದಿ ತೆರೆಯುತ್ತದೆ. ಇದನ್ನು ದುರಾಸೆಯೆಂದು ಜರೆಯಲು ನನಗೆ ಮನಸ್ಸಿಲ್ಲ. ಮೂವತ್ತರ ಹೊಸ್ತಿಲಲ್ಲೂ ಓದುತ್ತಲೇ ಇರುವವರಿಗೆ ಸಾಲವಿರುತ್ತದೆ, ಸಂಸಾರವಿರುತ್ತದೆ. ‘ಹೆಣ್ಣುಮಗಳಿಗೆ ಮೂಳೆ ಕೂಡಿಸುವ ಕೆಲಸವೇಕಮ್ಮ?’ ಎನ್ನುವ ಹಿರಿಯರೂ ಮನೆಯಲ್ಲಿರುತ್ತಾರೆ.

ಖಾಲಿ ಉಳಿಯುವವು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳಂಥವು. ಅವುಗಳ ಬಲದಿಂದ ಊರಿನಲ್ಲಿ ದವಾಖಾನೆ ನಡೆಸುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸೀಟುಗಳು ತುಂಬಲೆಂದು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಲಾಯಿತು. ಎಂದರೆ ಪರೀಕ್ಷೆಗೆ ಕುಳಿತವರೆಲ್ಲರೂ ಅರ್ಹರಾದರು. ಮೊದಲ ವರ್ಷದ ಮಕ್ಕಳಿಗೆ ದೇಹವೆಂದರೇನೆಂದು ಕಲಿಸಬೇಕಾದ ಗುರುಗಳು ಬರಬೇಕಾದದ್ದು ಈ ಶಾಖೆಗಳಿಂದಲೇ.

ಅರಿವಳಿಕೆಯ ಶಾಖೆಯನ್ನೂ ಪಟ್ಟಿಯ ತುದಿಯಲ್ಲಿ ಬರೆಯುವವರು ಹೆಚ್ಚಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರಿದ್ದು ಅರಿವಳಿಕೆ ಕೊಡುವವರು ಇಲ್ಲದಿದ್ದರೆ, ಹೆರಿಗೆ ಕಷ್ಟವಾದ ಹೆಂಗಸನ್ನು ಆ ಹೊತ್ತಿನಲ್ಲೇ ವಾಹನಕ್ಕೆ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳುಹಿಸಬೇಕಾಗುತ್ತದೆ.