ಉಪಾಧ್ಯಕ್ಷ ನೆಹರೂ, ಉಪರಾಷ್ಟ್ರಪತಿ ಜತ್ತಿ

ನಮ್ಮ ಗಂಗಾವತಿ ಸೀಮೆಯ ಸಿದ್ದಾಪುರದಲ್ಲಿ ಪಿಡಿಓ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ನೋಟ್‌ಬುಕ್ ಮುಂದಿಟ್ಟ. "1946: ನೆಹರೂ ಉಪಾಧ್ಯಕ್ಷ" ಎಂದು ಬರೆದು, ಪಕ್ಕಕ್ಕೆ ಕೆಂಪು ಪೆನ್ನಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದ. "ಮೊದಲ್ನೇ ಉಪರಾಷ್ಟ್ರಪತಿ ರಾಧಾಕೃಷ್ಣನ್ ಅಲ್ಲೇನ್ರಿ ಸರ?" ಎರಡೂ ಸರಿ. ತಪ್ಪಿರುವುದು ಎರಡನ್ನೂ ಒಂದೇ ಪದವಿ ಎಂದುಕೊಂಡದ್ದರಲ್ಲಿ.

ತಪ್ಪು ಕಲ್ಪನೆ: ನೆಹರೂ ಕೂತಿದ್ದ ಕುರ್ಚಿಯೇ ಮುಂದೆ ಉಪರಾಷ್ಟ್ರಪತಿ ಪದವಿಯಾಯಿತು.

ಸತ್ಯ: ಅದು ವೈಸರಾಯ್ ಕಾರ್ಯಕಾರಿ ಮಂಡಳಿಯ ಉಪಾಧ್ಯಕ್ಷ ಸ್ಥಾನ. ನೆಹರೂಗಾಗಿ ಹುಟ್ಟಿದ್ದೂ ಅಲ್ಲ. 1919ರ ಕಾಯ್ದೆಯಲ್ಲೇ ಇತ್ತು. 1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ಬಂದಾಗ ಅಧ್ಯಕ್ಷರು ವೈಸರಾಯ್ ವೇವೆಲ್, ಉಪಾಧ್ಯಕ್ಷರು ನೆಹರೂ. ಜನ ಅವರನ್ನು ಪ್ರಧಾನಿ ಎಂದೇ ಕಂಡರು, ಕಾಂಗ್ರೆಸ್ಸಿಗರೂ ಹಾಗೇ ನಡೆದುಕೊಂಡರು. ಅಕ್ಟೋಬರ್‌ನಲ್ಲಿ ಸರ್ಕಾರ ಸೇರಿದ ಮುಸ್ಲಿಂ ಲೀಗ್ ಮಾತ್ರ ಒಪ್ಪಲಿಲ್ಲ. ಹಣಕಾಸು ಖಾತೆ ಹಿಡಿದ ಲಿಯಾಕತ್ ಅಲಿ ಖಾನರ ಬಣ, ನೆಹರೂ ನಮ್ಮ ನಾಯಕರಲ್ಲ ಎಂದು ಬೇರೆಯೇ ಗುಂಪಾಗಿ ಕೂರುತ್ತಿತ್ತು. ಕಾಗದದ ಮೇಲೆ ಲೀಗಿನವರ ವಾದವೇ ಸರಿ ಎಂದು ನನಗನಿಸುತ್ತದೆ: ಮಂಡಳಿಯ ಮುಖ್ಯಸ್ಥ ವೈಸರಾಯ್, ಕೊನೆಯ ಮಾತೂ ಆತನದೇ. 1947ರ ಆಗಸ್ಟ್ 15ಕ್ಕೆ ಆ ಕುರ್ಚಿ ಇಲ್ಲವಾಯಿತು, ನೆಹರೂ ಪ್ರಧಾನಿಯಾದರು. ಉಪರಾಷ್ಟ್ರಪತಿ ಪದವಿ ಹುಟ್ಟಿದ್ದು ಸಂವಿಧಾನದಿಂದ. ರಾಧಾಕೃಷ್ಣನ್ ಬಂದದ್ದು 1952ರ ಮೇ ತಿಂಗಳಲ್ಲಿ.

ತಪ್ಪು ಕಲ್ಪನೆ: ಆ ಮಧ್ಯಂತರ ಸರ್ಕಾರ ನಮ್ಮೂರನ್ನೂ ಆಳಿತ್ತು.

ಸತ್ಯ: ಇಲ್ಲ. ಗಂಗಾವತಿ ಸೀಮೆ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. ದಿಲ್ಲಿಯಲ್ಲಿ ಉಪಾಧ್ಯಕ್ಷರು ಬಂದರೂ, ಹೋಗಿ ಪ್ರಧಾನಿಯಾದರೂ ಇಲ್ಲಿನ ಕಚೇರಿಗಳಲ್ಲಿ ನಡೆದದ್ದು ನಿಜಾಮನ ಹುಕುಂ. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆಯೇ ಸಿದ್ದಾಪುರಕ್ಕೆ ಬಿಡುಗಡೆ. ನಮ್ಮ ಭಾಗದ ಶಾಲೆಗಳಲ್ಲಿ ಆಗಸ್ಟ್ 15ಕ್ಕೂ ಧ್ವಜ, ಸೆಪ್ಟೆಂಬರ್ 17ಕ್ಕೂ ಧ್ವಜ ಏರುವುದು ಇದಕ್ಕೇ.

ಇನ್ನೊಂದು ಚಿಕ್ಕ ಗೊಂದಲ, ಚುನಾವಣೆಯದು. ರಾಷ್ಟ್ರಪತಿ ಆಯ್ಕೆಗೆ ಶಾಸಕರೂ ಮತ ಹಾಕುತ್ತಾರೆ. ಉಪರಾಷ್ಟ್ರಪತಿಗೆ ಸಂಸದರು ಮಾತ್ರ. ಕೊಪ್ಪಳದ ಎಂಪಿಗೆ ಮತ ಉಂಟು, ಗಂಗಾವತಿ ಎಮ್ಮೆಲ್ಲೆಗೆ ಇಲ್ಲ.

ತಪ್ಪು ಕಲ್ಪನೆ: ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿಯೇ ರಾಷ್ಟ್ರಪತಿ.

ಸತ್ಯ: ಅದು ಅಮೆರಿಕದ ರೂಢಿ. ಕೆನಡಿ ಕೊಲೆಯಾದಾಗ ಜಾನ್ಸನ್ ಹಾಗೆ ಅಧ್ಯಕ್ಷರಾದರು. ನಮ್ಮಲ್ಲಿ ಉಪರಾಷ್ಟ್ರಪತಿ ಹಂಗಾಮಿ ಅಷ್ಟೇ; ಆರು ತಿಂಗಳೊಳಗೆ ಚುನಾವಣೆ ಆಗಲೇಬೇಕು. ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ, ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಇದ್ದಾರೆ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಹಂಗಾಮಿ ಹೊಣೆ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರ ಹೆಗಲಿಗೆ ಬಿತ್ತು. ಸಾಮಾನ್ಯ ಕಾಲವಲ್ಲ ಅದು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾದದ್ದು, 24ರಂದು ಮೊರಾರ್ಜಿ ದೇಸಾಯಿ ಪ್ರಮಾಣವಚನ ಪಡೆದದ್ದು, ಎರಡೂ ಜತ್ತಿಯವರ ಅವಧಿಯಲ್ಲೇ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತಕ್ಕೆ ಜತ್ತಿ ತಕ್ಷಣ ಸಹಿ ಹಾಕದೆ ಕೂತದ್ದಕ್ಕೆ ದಿಲ್ಲಿಯಲ್ಲಿ ದೊಡ್ಡ ಗದ್ದಲವೇ ಆಯಿತು, ಕೊನೆಗೆ ಹಾಕಿದರು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಿ ಬಂದರು. ಜತ್ತಿ ಹಳೆಯ ಕುರ್ಚಿಗೆ ಮರಳಿ, 1979ರ ಆಗಸ್ಟ್‌ನಲ್ಲಿ ಉಪರಾಷ್ಟ್ರಪತಿಯಾಗಿಯೇ ನಿವೃತ್ತರಾದರು.