ವಿಮಾನದ ಭಯ, ರಸ್ತೆಯ ಅಪಾಯ

ಗುರುಗುಂಟಾದಿಂದ ಲಿಂಗಸುಗೂರಿಗೆ ಬೈಕಿನಲ್ಲಿ ಹೊರಡುವಾಗ ನಮಗೆ ಭಯವಾಗುವುದಿಲ್ಲ. ವಿಮಾನವೆಂದರೆ ಎದೆ ಡವಡವ ಎನ್ನುತ್ತದೆ. ಏಕೆ?

2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ಮಡಿದರು. ಅದೇ ವರ್ಷ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 1,34,000. ಎಂದರೆ ದಿನಕ್ಕೆ 360ಕ್ಕೂ ಹೆಚ್ಚು. ಎರಡು ಮಂಗಳೂರು ದುರಂತಗಳಿಗಿಂತ ಅಧಿಕ! ಆದರೆ ಒಬ್ಬೊಬ್ಬರಾಗಿ ಸತ್ತವರು ದೊಡ್ಡ ಸುದ್ದಿಯಾಗುವುದಿಲ್ಲ. ಒಮ್ಮೆಲೇ ಅನೇಕರನ್ನು ಬಲಿ ತೆಗೆದುಕೊಳ್ಳುವ, ನಮ್ಮ ಹಿಡಿತದಲ್ಲಿಲ್ಲದ ಅಪಾಯವೇ ಮನಸ್ಸಿಗೆ ದೊಡ್ಡದಾಗಿ ಕಾಣುತ್ತದೆ ಎಂದು ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ವಿವರಿಸಿದರು.

ರಸ್ತೆಯಲ್ಲಿ ಓಡಾಡುವವರೇ ಹೆಚ್ಚಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸಾವಿನ ಸಂಖ್ಯೆಯನ್ನು ಎಲ್ಲ ಪ್ರಯಾಣಿಕರು ಕ್ರಮಿಸಿದ ಒಟ್ಟು ಕಿಲೋಮೀಟರುಗಳಿಂದ ಭಾಗಿಸಿ. ಆಗಲೂ ವಿಮಾನವೇ ಹೆಚ್ಚು ಸುರಕ್ಷಿತ. ಭಯವು ಅಪಾಯದ ಅಳತೆಗೋಲಲ್ಲ. ಬೈಕ್ ಹತ್ತುವ ಮುನ್ನ ಹೆಲ್ಮೆಟ್ ಮರೆಯಬೇಡಿ.